ಅಮ್ಮನಿಗೊಂದು, ಮಗಳಿಗೊಂದು ಕ್ವಾಡ್ ಬೈಕು

ಹೊಳಲು
೨೦ ಆಗಸ್ಟ್ ೨೦೨೫, ಬುಧವಾರ

ಸಿಂಚನಳ ಅಪ್ಪನವರಿಗೆ,

ಶಾಲಿನಿಯ ನಮಸ್ಕಾರಗಳು. ಕೆಂಪರಾಜು ಎಂದು ಹೆಸರು ಹಿಡಿದು ಬರೆಯಲು ಕೈ ಬರಲಿಲ್ಲ. ಮೊದಲಿನ ಹಾಗೆ ಬರೆಯುವ ಸಲಿಗೆ ಉಳಿದಿದೆಯೋ ಇಲ್ಲವೋ ತಿಳಿಯಲಿಲ್ಲ. ನಾವಿಬ್ಬರೂ ಈಗಲೂ ತಕರಾರಿಲ್ಲದೆ ಒಪ್ಪುವ ಸಂಬಂಧ ಇದೊಂದೇ ಎಂದು ಹೀಗೆ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಸಿಂಚು ಚೆನ್ನಾಗಿದ್ದಾಳೆ. ಈ ಸಾಲನ್ನು ಇನ್ನೊಮ್ಮೆ ಓದಿ, ಆಮೇಲೆ ಮುಂದಿನದನ್ನು ಓದಿ. ಊಟ ಮಾಡುತ್ತಾಳೆ, ಶಾಲೆಗೆ ಹೋಗುತ್ತಾಳೆ, ಈಗ ರೇಷ್ಮೆ ಹುಳು ಮನೆಯ ಮೆಟ್ಟಿಲ ಮೇಲೆ ಕೂತು ಬೆಕ್ಕಿನ ಮರಿಗೆ ಮಗ್ಗಿ ಹೇಳಿಕೊಡುತ್ತಿದ್ದಾಳೆ. ಹೋದ ವಾರದ ಹಿಂದಿನ ಭಾನುವಾರ ಕಿರುಗಾವಲಿನಲ್ಲಿ ಅವಳು ಒಂದು ಗಾಡಿಯಿಂದ ಬಿದ್ದಳು. ತರಚು ಗಾಯಗಳಾದವು.

ನಿಮ್ಮ ಆಫೀಸಿನ ಸಿದ್ದರಾಜು ನಿನ್ನೆ ಇಲ್ಲಿ ಅವರ ಅಕ್ಕನ ಮನೆಗೆ ಬಂದಿದ್ದಾಗ ಅವಳನ್ನು ನೋಡಿದರು. ಫೋನ್ ತೆಗೆದು ನಿಮಗೆ ಹೇಳಲು ಹೊರಟಿದ್ದರು. ಒಂದು ದಿನ ತಡೆಯಿರಿ, ನಾನೇ ಹೇಳುತ್ತೇನೆ ಎಂದು ಬೇಡಿಕೊಂಡೆ. ಫೋನಿನಲ್ಲಿ ನಾವಿಬ್ಬರೂ ಒಬ್ಬರ ಮಾತನ್ನು ಒಬ್ಬರು ಮುಗಿಸಲು ಬಿಡುವುದಿಲ್ಲ. ನಾನು ‘ಬಿದ್ದಳು’ ಎನ್ನುವಷ್ಟರಲ್ಲಿ ನೀವು ಮಳವಳ್ಳಿಯಿಂದ ಹೊರಟುಬಿಟ್ಟಿರುತ್ತೀರಿ. ಅದಕ್ಕೆ ಕಾಗದ. ಮುಸರತ್‌ಳ ಗಂಡ ನಾಸಿರ್ ನಾಳೆ ಬೆಳಿಗ್ಗೆ ಆ ಕಡೆ ಬರುವವರಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತೇನೆ.

ಯಾವ ಗಾಡಿ ಎಂದು ನೀವು ಕೇಳುತ್ತೀರಿ. ಕ್ವಾಡ್ ಬೈಕು. ರೆಸಾರ್ಟುಗಳಲ್ಲಿ ಬಂದವರನ್ನು ಕೂರಿಸಿ ಮಣ್ಣಿನಲ್ಲಿ ಸುತ್ತಾಡಿಸುತ್ತಾರಲ್ಲ, ನಾಲ್ಕು ದಪ್ಪ ಚಕ್ರ, ಬೈಕಿನಂಥ ಹ್ಯಾಂಡಲ್ಲು, ಅದು. ನಾನು ಹಳೆಯವು ಎರಡು ಹುಡುಕುತ್ತಿದ್ದೆ. ನನಗೊಂದು, ಅವಳಿಗೊಂದು. ಏಳು ವರ್ಷದ ಕೂಸಿಗೆ ಅದ್ಯಾಕೆ ಎಂದು ನೀವು ಈ ಹಾಳೆಯನ್ನು ಮುದುರುವ ಮೊದಲು ಕಾರಣ ಕೇಳಿ.

ಹುಟ್ಟಿದ ಹಬ್ಬಕ್ಕೆ ನೀವು ಸೈಕಲ್ಲು ಕೊಡಿಸಿದಿರಿ. ಚೆನ್ನಾಗಿ ಓಡಿಸುತ್ತಾಳೆ ಎಂದು ನಿಮಗೆ ಹೇಳುತ್ತಾ ಬಂದೆ. ಅವಳು ಅದನ್ನು ಮುಟ್ಟಿಯೇ ಇಲ್ಲ. ಓಣಿಯ ಮಕ್ಕಳೆಲ್ಲ ಸಂಜೆ ಸೈಕಲ್ಲು ತೆಗೆದರೆ ಇವಳು ನನ್ನ ಪಕ್ಕ ಬಂದು ಕೂರುತ್ತಾಳೆ. ಭಯವೇನೋ ಅಂದುಕೊಂಡಿದ್ದೆ. ಒಂದು ದಿನ ಗದರಿಸಿಯೇ ಕೇಳಿದೆ. “ನೀನು ಬರಕ್ಕಾಗಲ್ವಲ್ಲಮ್ಮ” ಅಂದಳು. ಅಷ್ಟೇ ಹೇಳಿ ನನ್ನ ಊರುಗೋಲು ಸರಿಯಾಗಿ ಗೋಡೆಗೆ ಒರಗಿಸಿ ಇಟ್ಟಳು. ನಾನು ಚಿಕ್ಕವಳಿದ್ದಾಗ ಆಟ ಆಡುವವರ ಚಪ್ಪಲಿ ಕಾಯುತ್ತಾ ಕೂರುತ್ತಿದ್ದೆ. ನನ್ನ ಎಡಗಾಲಿಗೆ ಪೋಲಿಯೊ ಬಂದಿತ್ತು, ಕೂರುವುದು ನನ್ನ ಪಾಲಿಗೆ ಬಂದಿತ್ತು. ಇವಳ ಎರಡು ಕಾಲೂ ಗಟ್ಟಿಯಾಗಿವೆ. ಆದರೂ ನನ್ನ ಜೊತೆ ಕೂರುತ್ತಿದ್ದಾಳೆ. ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ.

ಜೊತೆಗೆ ತೋಟ. ಹಿಪ್ಪುನೇರಳೆ ತೋಟ ನನ್ನ ಹೆಸರಿನಲ್ಲಿದೆ, ಹುಳು ಸಾಕುವವಳು ನಾನು. ಸೊಪ್ಪು ಹೇಗಿದೆ ಎಂದು ಮಾತ್ರ ಇನ್ನೊಬ್ಬರ ಬಾಯಿಂದ ಕೇಳಬೇಕು. ನೀವಿದ್ದಾಗ ನೀವು ನೋಡಿ ಬಂದು ಹೇಳುತ್ತಿದ್ದಿರಿ. ನಾನು ಎದ್ದರೆ “ಬುಡು, ನಾನ್ ಓಗ್ಬತ್ತೀನಿ” ಅನ್ನುತ್ತಿದ್ದಿರಿ. ಪ್ರೀತಿಯಿಂದಲೇ ಅನ್ನುತ್ತಿದ್ದಿರಿ, ಅದರಲ್ಲಿ ನನಗೆ ಅನುಮಾನವಿಲ್ಲ. ಆ ‘ಬುಡು’ ಕೇಳಿ ಕೇಳಿ ನಾನು ಕೂತಲ್ಲೇ ಕೂತುಬಿಟ್ಟೆ ಎಂಬುದನ್ನು ನಿಮಗೆ ಸರಿಯಾಗಿ ಹೇಳಲು ನನಗೆ ಎಂದೂ ಆಗಲಿಲ್ಲ. ಜಗಳವಾಗಿಯೇ ಹೊರಗೆ ಬಂತು.

ಮೂರು ಚಕ್ರದ ಸ್ಕೂಟರು ಬದುವಿನ ಕೆಸರಲ್ಲಿ ಹೂತುಹೋಗುತ್ತದೆ. ಕ್ವಾಡ್ ಬೈಕು ಹೂತುಕೊಳ್ಳುವುದಿಲ್ಲ ಎಂದು ಮುಸರತ್ ಹೇಳಿದಳು. ಅವಳನ್ನು ನೀವು ಮರೆತಿರಲಾರಿರಿ, ಕಾಲೇಜಿನಿಂದ ನನ್ನ ಗೆಳತಿ, ಮದ್ದೂರಿನವಳು. ನಾಸಿರ್ ಗ್ಯಾರೇಜಿಗೆ ಅಂಥ ಒಂದು ಗಾಡಿ ರಿಪೇರಿಗೆ ಬಂದಿತ್ತಂತೆ. ಹೊಸದಕ್ಕೆ ನನ್ನ ಕೈ ಹೋಗುವುದಿಲ್ಲ, ಹಳೆಯದನ್ನು ಹುಡುಕೋಣ ಅಂದೆ. ರಸ್ತೆಗೆ ಇಳಿಸುವ ಗಾಡಿ ಅಲ್ಲ ಅದು, ನಂಬರ್ ಪ್ಲೇಟೂ ಇರುವುದಿಲ್ಲ. ನಮ್ಮ ಬೇಲಿಯೊಳಗೆ ಮಾತ್ರ ಎಂದು ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ.

ಮಂಡ್ಯದಲ್ಲಿ ಒಂದು ನೋಡಿದೆವು. ನೋಡಲು ಚೆಂದ, ಹೊಳೆಯುತ್ತಿತ್ತು. ಸೀಟಿನ ಮೇಲೆ ಕೂತೂ ಆಯಿತು. ನಾಸಿರ್ ಕೆಳಗೆ ಬಗ್ಗಿ ನೋಡಿ, “ಅಕ್ಕ, ಇದು ಬ್ಯಾಡ. ಗೇರು ಎಡಗಾಲಲ್ಲೇ ಆಕ್ಬೇಕು” ಅಂದರು. ಇಳಿಯುವಾಗ ಮಾರುವವನು ನನ್ನ ಕಾಲಿಗೆ ಕಟ್ಟಿದ ಆಸರೆಯ ಪಟ್ಟಿ ನೋಡಿ, ಯಜಮಾನರಿಗೋ ಎಂದು ಕೇಳಿದ. ನನಗೇ ಎಂದೆ. ನಕ್ಕ. ಬಸ್ಸಿನಲ್ಲಿ ಹೊಳಲಿಗೆ ವಾಪಸ್ಸು ಬರುವಾಗ ಇದನ್ನೆಲ್ಲ ಬಿಟ್ಟುಬಿಡೋಣ ಅನ್ನಿಸಿತು. ಸಿಂಚು ಕಿಟಕಿಯ ಗಾಜಿನ ಮೇಲೆ ಉಗುರಿನಲ್ಲಿ ಎರಡು ಗಾಡಿ ಬರೆಯುತ್ತಿದ್ದಳು, ಒಂದರ ಹಿಂದೆ ಒಂದಲ್ಲ, ಪಕ್ಕಪಕ್ಕದಲ್ಲಿ.

ಕಿರುಗಾವಲಿನ ಚೌಡಯ್ಯ ಎಂಬುವರು ಮುಚ್ಚಿಹೋದ ಯಾವುದೋ ರೆಸಾರ್ಟಿನ ಸಾಮಾನನ್ನೆಲ್ಲ ಒಟ್ಟಿಗೆ ಕೊಂಡು ತಮ್ಮ ಗದ್ದೆ ಪಕ್ಕದ ಶೆಡ್ಡಿನಲ್ಲಿ ಇಟ್ಟಿದ್ದರು. ಕ್ಯಾರಂ ಬೋರ್ಡು, ಈಜುಕೊಳದ ಕುರ್ಚಿ, ಅವುಗಳ ನಡುವೆ ದೊಡ್ಡ ಕ್ವಾಡ್ ಬೈಕು ಒಂದು, ಚಿಕ್ಕದೊಂದು. ದೊಡ್ಡದಕ್ಕೆ ಗೇರೇ ಇಲ್ಲ, ಹೆಬ್ಬೆರಳಲ್ಲಿ ಒತ್ತಿದರೆ ಹೋಗುತ್ತದೆ, ಕೈಯಲ್ಲೇ ಬ್ರೇಕು, ಹಿಂದಕ್ಕೂ ಬರುತ್ತದೆ. ನಾಸಿರ್ ಅದರ ಚಾಸಿಯ ಬೆಸುಗೆ ನೋಡಿದರು, ಚಕ್ರ ಹಿಡಿದು ಅಲ್ಲಾಡಿಸಿದರು, ಎಂಜಿನ್ ಬಿಸಿಯಾಗುವವರೆಗೆ ಓಡಿಸಿ ಹೊಗೆ ನೋಡಿದರು. ಪರವಾಗಿಲ್ಲ ಅಂದರು.

“ತಕಳವ್ವ, ಇದು ಬೀಳಕ್ಕಿಲ್ಲ. ಬೀಳ್ಸುದ್ರೂ ಬೀಳಕ್ಕಿಲ್ಲ” ಎಂದು ಚೌಡಯ್ಯ ಸೀಟಿನ ಮೇಲೆ ಗುದ್ದಿದರು.

ನಾನು ಹತ್ತಿದೆ. ಮುಸರತ್ ನನ್ನ ಎಡಗಾಲನ್ನು ಎತ್ತಿ ಕಾಲಿಡುವ ಹಲಗೆಯ ಮೇಲಿಟ್ಟಳು. ಬೀಳು ಬಿಟ್ಟಿದ್ದ ಗದ್ದೆಯಲ್ಲಿ ಒಂದು ಸುತ್ತು ಹೋಗಿ ಬಂದೆ. ಹೇಗಿತ್ತು ಎಂದು ಬರೆಯಲು ಹೋದರೆ ಮುಖ್ಯ ವಿಷಯ ಹಿಂದೆ ಬೀಳುತ್ತದೆ. ಇಷ್ಟು ಹೇಳುತ್ತೇನೆ, ನನ್ನ ಹಿಂದೆ ಧೂಳು ಏಳುವುದನ್ನು ನಾನು ಅವತ್ತೇ ಮೊದಲು ಕಂಡಿದ್ದು.

ಇನ್ನು ಚಿಕ್ಕದರ ವಿಷಯ. ಸಿಂಚು ಅದರ ಮೇಲೆ ಕೂತಾಗ ಕಾಲು, ಕೈ ಎಲ್ಲ ಸರಿಯಾಗಿ ಎಟುಕಿದವು. ಹೆಲ್ಮೆಟ್ಟು ಹಾಕಿಸಿದ್ದೆ. ಹೊಸ ಹೆಲ್ಮೆಟ್ಟು, ಗಲ್ಲದವರೆಗೂ ಮುಚ್ಚುವಂಥದ್ದು. ಉದ್ದ ತೋಳಿನ ಅಂಗಿ, ಶೂ ಕೂಡ ಹಾಕಿಸಿದ್ದೆ. ಇದನ್ನೆಲ್ಲ ನನ್ನ ಪರವಾಗಿ ವಾದ ಮಾಡಲು ಬರೆಯುತ್ತಿದ್ದೇನೆ ಎಂದು ನಿಮಗೆ ಅನ್ನಿಸಬಹುದು. ಹೌದು, ಅದಕ್ಕೇ ಬರೆಯುತ್ತಿದ್ದೇನೆ. ಯಾಕೆಂದರೆ ಮುಂದಿನ ಮಾತು ನನ್ನ ಪರವಾಗಿಲ್ಲ.

ಚಿಕ್ಕದಕ್ಕೂ ಹೆಬ್ಬೆರಳಲ್ಲಿ ಒತ್ತುವ ಎಕ್ಸಿಲೇಟರಿನ ಸನ್ನೆಯೇ, ಒತ್ತಿ ಬಿಟ್ಟರೆ ತಕ್ಷಣ ಹಿಂದಕ್ಕೆ ಬರಬೇಕು. ಅದು ನಿಧಾನಕ್ಕೆ ಬರುತ್ತಿತ್ತು. ನಾನೇ ಒತ್ತಿ ನೋಡಿದೆ, ನನಗೇ ಗೊತ್ತಾಯಿತು. ನಾಸಿರ್ ಆಗ ದೊಡ್ಡ ಗಾಡಿಯ ಬೆಲ್ಟು ನೋಡುತ್ತಿದ್ದರು. ಚೌಡಯ್ಯನವರಿಗೆ ಹೇಳಿದೆ. “ನಿಂತಿದ್ ಗಾಡಿ ಅಲ್ವೇನವ್ವ, ಎಲ್ಡು ಸುತ್ತು ಓಡುದ್ರೆ ಸರಿಯಾಯ್ತದೆ” ಅಂದರು. ಅವರು ಮೋಸ ಮಾಡಲು ಹೇಳಿದ್ದಲ್ಲ, ನಂಬಿಯೇ ಹೇಳಿದರು. ನಾಸಿರ್ ಅವರನ್ನು ಕೂಗಬೇಕಿತ್ತು. ಸಿಂಚು ನನ್ನ ಮುಖ ನೋಡುತ್ತಿದ್ದಳು. ಬಸ್ಸಿನಲ್ಲಿ ಚಿತ್ರ ಬರೆಯುತ್ತಿದ್ದಾಗಿನ ಮುಖ ಅದು. ಹೋಗು ಎಂದೆ.

ಒಂದು ಸುತ್ತು ಚೆನ್ನಾಗಿಯೇ ಹೋದಳು. ನಾನು ದೊಡ್ಡದರಲ್ಲಿ ಅವಳ ಹಿಂದೆ ನಿಧಾನವಾಗಿ ಹೋಗುತ್ತಿದ್ದೆ. ತಿರುವಿನಲ್ಲಿ ಅವಳು ಹೆಬ್ಬೆರಳು ತೆಗೆದಳು, ಗಾಡಿ ನಿಲ್ಲಲಿಲ್ಲ. “ಅಮ್ಮಾ, ನಿಲ್ತಿಲ್ಲ” ಎಂದು ಕೂಗಿದಳು. ಬ್ರೇಕು ಹಿಡಿಯುವುದನ್ನು ಮರೆತು ಹ್ಯಾಂಡಲ್ಲನ್ನು ಬಿಗಿಯಾಗಿ ತಬ್ಬಿಕೊಂಡಳು. ಎದುರಿಗೆ ನೀರಿನ ಕಾಲುವೆ. ಗದ್ದೆಗೆ ನೀರು ಬಿಟ್ಟಿದ್ದ ಕಾಲ, ದಡದವರೆಗೆ ತುಂಬಿ ಹರಿಯುತ್ತಿತ್ತು. ನಾಸಿರ್, ಚೌಡಯ್ಯ, ಮುಸರತ್ ಎಲ್ಲರೂ ಓಡಿದರು, ಅವರು ದೂರದಲ್ಲಿದ್ದರು. ನಾನು ಹತ್ತಿರವಿದ್ದೆ.

ಆಗ ನಾನು ಏನನ್ನೂ ಯೋಚಿಸಲಿಲ್ಲ. ಪೂರ್ತಿ ಒತ್ತಿದೆ. ಅವಳ ಪಕ್ಕಕ್ಕೆ ಹೋದಾಗ ಕೈ ಚಾಚಿದರೂ ಅಂಗಿ ಸಿಗಲಿಲ್ಲ. ಅವಳನ್ನು ದಾಟಿ ಹೋಗಿ, ಅವಳಿಗೂ ಕಾಲುವೆಗೂ ನಡುವೆ ನನ್ನ ಗಾಡಿಯನ್ನು ಅಡ್ಡ ಹಾಕಿಬಿಟ್ಟೆ. ಅವಳ ಗಾಡಿ ನನ್ನ ಹಿಂದಿನ ಚಕ್ರಕ್ಕೆ ಬಡಿದು ಆಫ್ ಆಯಿತು. ಅವಳು ಪಕ್ಕಕ್ಕೆ ಚಿಮ್ಮಿ ಭತ್ತದ ಸಸಿ ಮಡಿಯ ಕೆಸರಿನಲ್ಲಿ ಬಿದ್ದಳು.

ನಾನು ಇಳಿಯಲು ಹೋಗಿ ನಾನೂ ಬಿದ್ದೆ. ಮೊಣಕೈ ಊರಿಕೊಂಡು ಅವಳ ಹತ್ತಿರ ಹೋಗಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಎತ್ತಿಕೊಂಡು ಏಳಲು ನನ್ನಿಂದ ಆಗಲಿಲ್ಲ. ಪಕ್ಕದ ಮಡಿಯಲ್ಲಿ ಸಸಿ ಕೀಳುತ್ತಿದ್ದ ಮುದ್ದಮ್ಮ ಎನ್ನುವ ಅಜ್ಜಿ ಕೈಯಲ್ಲಿದ್ದ ಕಟ್ಟು ಬಿಸಾಡಿ ಬಂದರು. “ಏನವ್ವ, ಬಿದ್ ಕೂಸ್ನ ಎತ್ಕೊಳಕ್ಕಾಗ್ದಿರೋಳ್ಗೆ ಗಾಡಿ ಸೋಕಿ ಯಾಕವ್ವ ಬೇಕಿತ್ತು?” ಅಂದರು. ಅಂದವರೇ ಮಗುವನ್ನು ಎತ್ತಿ ಸೊಂಟಕ್ಕೇರಿಸಿ, ಪಂಪಿನ ನೀರಲ್ಲಿ ಮುಖ ತೊಳೆದು, ತಮ್ಮ ಸೆರಗಿನಿಂದಲೇ ಒರೆಸಿದರು. ಆಮೇಲೆ ಬಂದು ನನ್ನ ರಟ್ಟೆ ಹಿಡಿದು ನನ್ನನ್ನೂ ಎಬ್ಬಿಸಿದರು.

ಸಿಂಚು ಮಾತ್ರ ನನ್ನನ್ನು ನೋಡಿ ಒಂದು ಮಾತು ಹೇಳಿದಳು. ಅಳುತ್ತಲೇ ಹೇಳಿದಳು. “ಅಮ್ಮ, ನೀನು ಓಡಿ ಬಂದ್ಬುಟ್ಟೆ ಕಣಮ್ಮ!”

ಗಾಡಿಯಲ್ಲಿ ಬಂದೆ ಎಂದು ತಿದ್ದಲು ನನಗೆ ಬಾಯಿ ಬರಲಿಲ್ಲ.

ಮೊದಲ ಪುಟದಲ್ಲಿ ತರಚು ಗಾಯ ಎಂದು ಬರೆದೆ. ಆ ಪುಟವನ್ನು ಹರಿದು ಇನ್ನೊಂದು ಬರೆಯಬಹುದಿತ್ತು, ಹಾಗೆ ಮಾಡಿದರೆ ಮತ್ತೆ ಧೈರ್ಯ ಬರುತ್ತದೋ ಇಲ್ಲವೋ ಎಂದು ಹಾಗೇ ಬಿಟ್ಟಿದ್ದೇನೆ. ಕೈ ಊರಿ ಬಿದ್ದಿದ್ದರಿಂದ ಎಡ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿದೆ. ಪ್ಲಾಸ್ಟರ್ ಹಾಕಿದ್ದಾರೆ. ಚಿಕ್ಕ ಮಕ್ಕಳ ಮೂಳೆ ಹಸಿ ಕಡ್ಡಿಯ ಹಾಗೆ, ಬಾಗಿ ಬಿರುಕು ಬಿಡುತ್ತದೆ, ಪೂರ್ತಿ ಮುರಿಯುವುದಿಲ್ಲ, ಚೆನ್ನಾಗಿ ಕೂಡಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದರು. ತಲೆಗೆ ಏನೂ ಆಗಿಲ್ಲ. ಬಲಗೈ, ಕಾಲು ಸರಿಯಾಗಿವೆ. ಹೇಗಾಯಿತು ಎಂದು ಡಾಕ್ಟರು ಕೇಳಿದಾಗ ಮುಸರತ್ ನನ್ನನ್ನು ಉಳಿಸಲು ಸೈಕಲ್ಲಿಂದ ಬಿದ್ದಳು ಅಂದಳು. ಅಲ್ಲ ಎಂದು ನಾನು ಇದ್ದದ್ದನ್ನು ಹೇಳಿದೆ.

ಆ ಆಸ್ಪತ್ರೆ ಇದ್ದದ್ದು ಮಳವಳ್ಳಿಯಲ್ಲಿ. ನಾಸಿರ್ ಗಾಡಿ ನಿಮ್ಮ ರೂಮಿನ ಬೀದಿಯ ತುದಿಯನ್ನು ದಾಟಿಯೇ ಹೋಯಿತು. ನಿಮ್ಮ ನೀಲಿ ಟವೆಲ್ಲು ಮಹಡಿಯ ಮೇಲೆ ಒಣಗುತ್ತಿರುವುದು ಕಂಡಿತು. ಕರೆದಿದ್ದರೆ ಅರೆಗಳಿಗೆಯಲ್ಲಿ ಬರುತ್ತಿದ್ದಿರಿ. ಕರೆಯಲಿಲ್ಲ. ಮಗು ಯಾರ ಹತ್ತಿರ ಇರಬೇಕು ಎಂಬುದು ಕೋರ್ಟಿನಲ್ಲಿ ಇನ್ನೂ ತೀರ್ಮಾನವಾಗಿಲ್ಲ. ನೀವು ಬಂದರೆ ಅವಳನ್ನು ಅಲ್ಲಿಂದಲೇ ಕರೆದುಕೊಂಡು ಹೋಗುತ್ತೀರಿ, ನಾನು ಊರುಗೋಲು ಹಿಡಿದು ಆ ಬೀದಿಯಲ್ಲಿ ನಿಮ್ಮ ಹಿಂದೆ ಬರಲಾಗದೆ ನಿಂತಿರುತ್ತೇನೆ ಎಂಬ ಚಿತ್ರ ಕಣ್ಣೆದುರು ಬಂತು. ಅವಳು ಪ್ಲಾಸ್ಟರ್ ಹಾಕುವಾಗ ಅಪ್ಪ ಬೇಕು ಅಂದಳು. ಅಪ್ಪ ಊರಲ್ಲಿಲ್ಲ ಎಂದೆ.

ಅದಕ್ಕಿಂತ ಕೆಟ್ಟದ್ದು ಆಮೇಲೆ ಮಾಡಿದ್ದು. ಅವಳು ಎಂದಿನಂತೆ ನಿಮಗೆ ಫೋನ್ ಮಾಡುವ ಮೊದಲು, ಈ ಸಲ ಅಪ್ಪನ ಹತ್ತಿರ ವೀಡಿಯೊ ಬೇಡ, ಬರೀ ಮಾತಾಡು, ಕೈ ವಿಷಯ ಹೇಳಬೇಡ ಎಂದೆ. ಮಗು ಯಾಕೋ ಸಪ್ಪಗಿದೆ ಎಂದು ನೀವು ಎರಡು ಸಲ ಕೇಳಿದಿರಿ. ಶಾಲೆಯಲ್ಲಿ ಪರೀಕ್ಷೆ ಎಂದೆ. ನಿನ್ನೆ ಸಿದ್ದರಾಜು ಹೋದ ಮೇಲೆ ಅವಳು ನನ್ನ ಮುಂದೆ ಬಂದು ನಿಂತಳು. “ಅಮ್ಮ, ಅಪ್ಪಂಗೆ ಹೇಳ್ದೆ ಇದ್ರೆ ಸುಳ್ಳಾಗಲ್ಲ, ಅಲ್ವಾ?” ಅಂದಳು. ಆ ಪ್ರಶ್ನೆಯನ್ನು ಅವಳ ಬಾಯಿಗೆ ಹಾಕಿದವಳು ನಾನು. ಮೂಳೆ ಕೂಡಿಕೊಳ್ಳುತ್ತದೆ ಎಂದು ಡಾಕ್ಟರು ಧೈರ್ಯ ಹೇಳಿದರು. ಇದು ಹೇಗೆ ಕೂಡಿಕೊಳ್ಳುತ್ತದೆ ಎಂದು ಯಾರನ್ನು ಕೇಳಲಿ?

ಇನ್ನು ಗಾಡಿಗಳ ವಿಷಯ. ದೊಡ್ಡದನ್ನು ನಾನು ತೆಗೆದುಕೊಂಡಿದ್ದೇನೆ. ಗೂಡ್ಸ್ ಆಟೊದಲ್ಲಿ ಹಾಕಿಸಿ ತರಿಸಿದೆ, ಹುಳು ಮನೆಯ ಪಕ್ಕ ನಿಂತಿದೆ. ಮೊದಲ ದಿನ ತೋಟದ ಪಡುವಣ ತುದಿಯವರೆಗೆ ಒಬ್ಬಳೇ ಹೋದೆ. ಅಲ್ಲೊಂದು ಹೊಂಗೆ ಮರವಿದೆ ಎಂದು ನೀವು ಯಾವತ್ತೂ ಹೇಳಿರಲಿಲ್ಲ. ಅದರ ನೆರಳಿಗೆ ಸಿಕ್ಕ ಗಿಡಗಳ ಎಲೆ ತೆಳ್ಳಗಿದೆ, ಆ ಸಾಲಿನ ಸೊಪ್ಪು ಹಾಕಿದ ತಟ್ಟೆಗಳಲ್ಲೇ ಹುಳು ಸಣ್ಣಗಾಗುತ್ತಿದ್ದವು. ಎಷ್ಟು ಬೆಳೆಗೆ ಅದಕ್ಕೆ ಕಾರಣ ಹುಡುಕಿದ್ದೆವು, ನೆನಪಿದೆಯೇ?

ಚಿಕ್ಕದನ್ನು ಚೌಡಯ್ಯನವರಲ್ಲೇ ಬಿಟ್ಟು ಬಂದೆ. ಇನ್ನು ಅದನ್ನು ಯಾವ ಕೂಸಿಗೂ ಕೊಡುವುದಿಲ್ಲ, ಗುಜರಿಗೆ ಹಾಕುತ್ತೇನೆ ಅಂದರು. ಈ ಮಾತನ್ನು ಇಲ್ಲಿಗೇ ಮುಗಿಸೋಣ ಎಂದು ನಾನೂ ಅಂದುಕೊಂಡೆ. ಸಿಂಚು ಬಿಡಲಿಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೆ ಬ್ರೇಕು ಹಿಡಿಯುವುದನ್ನು ಮೊದಲು ಕಲಿಯುತ್ತೇನೆ ಅನ್ನುತ್ತಾಳೆ. ಬೇಡ ಅನ್ನಲು ಬಾಯಿ ತೆರೆದೆ. ‘ಬುಡು’ ಎಂಬ ಮಾತೇ ಬಂತು, ಅದೂ ನಿಮ್ಮ ದನಿಯಲ್ಲಿ. ನೀವು ನನ್ನನ್ನು ನೋಡುವಾಗ ನಿಮಗೆ ಎಷ್ಟು ಹೆದರಿಕೆ ಆಗುತ್ತಿತ್ತು ಎಂದು ನನಗೆ ಆಗ ಗೊತ್ತಾಯಿತು.

ಹೋದ ಭಾನುವಾರ ಮದ್ದೂರಿಗೆ ಹೋಗಿದ್ದೆ. ಶಿವಪುರದ ಒಬ್ಬರು ತಮ್ಮ ಮಗನಿಗೆಂದು ತಂದಿದ್ದ ಚಿಕ್ಕ ಕ್ವಾಡ್ ಬೈಕು ನಾಸಿರ್ ಗ್ಯಾರೇಜಿನಲ್ಲಿದೆ, ಹುಡುಗ ಈಗ ಗಾಡಿಗಿಂತ ದೊಡ್ಡವನಾಗಿದ್ದಾನೆ. ಇದರ ಹಿಂಬದಿಯಲ್ಲಿ ಒಂದು ಕೆಂಪು ಹಗ್ಗವಿದೆ, ಎಳೆದರೆ ಎಂಜಿನ್ ತಕ್ಷಣ ಸತ್ತುಹೋಗುತ್ತದೆ. ಹೊಸದಾಗಿ ಕಲಿಯುವ ಮಗುವಿನ ಹಿಂದೆ ದೊಡ್ಡವರು ಅದನ್ನು ಹಿಡಿದು ನಡೆಯಬೇಕಂತೆ. ಕಿರುಗಾವಲಿನದಕ್ಕೂ ಅದರ ಕೊಂಡಿ ಇತ್ತು, ಹಗ್ಗ ಮಾತ್ರ ಕಳೆದುಹೋಗಿತ್ತು, ಅದು ಯಾತಕ್ಕೆಂದು ಅವತ್ತು ನನಗೆ ಗೊತ್ತಿರಲಿಲ್ಲ. ಹೆಚ್ಚು ವೇಗ ಹೋಗದ ಹಾಗೆ ತಡೆಯುವ ತಿರುಪೂ ಇದೆ. ಹೆಬ್ಬೆರಳ ಸನ್ನೆಯನ್ನು ನಾನು ಎಷ್ಟು ಸಲ ಒತ್ತಿ ಬಿಟ್ಟೆನೆಂದರೆ ಮುಸರತ್ ನನ್ನ ಕೈ ಹಿಡಿದು, “ಸಾಕು ಕಣೇ, ನಿನ್ ಬೆರಳೇ ಸವೆದೋಯ್ತದೆ” ಅಂದಳು. ಪ್ರತಿ ಸಲವೂ ಟಪ್ ಎಂದು ವಾಪಸ್ಸು ಬಂತು. ಆದರೂ ನಾಸಿರ್ ಎಂಜಿನ್ ಬಿಚ್ಚಿ ಇನ್ನೊಮ್ಮೆ ನೋಡುತ್ತೇನೆ ಅಂದಿದ್ದಾರೆ. ಅವತ್ತು ಚಿಕ್ಕದನ್ನು ತಾವೇ ಮೊದಲು ನೋಡಬೇಕಿತ್ತು ಎಂದು ಅವರು ಕೊರಗುತ್ತಿದ್ದಾರೆ. ನಾಳೆ ಅವರ ಮೇಲೆ ರೇಗಬೇಡಿ.

ಆ ಹಗ್ಗ ಹಿಡಿದು ಮಗುವಿನ ಹಿಂದೆ ನಡೆಯಬೇಕಲ್ಲ, ಅದು ನನ್ನಿಂದ ಆಗುವುದಿಲ್ಲ. ಮುಸರತ್ ಹಿಡಿಯುತ್ತೇನೆ ಅನ್ನುತ್ತಾಳೆ, ನಾಸಿರ್ ಹಿಡಿಯುತ್ತೇನೆ ಅನ್ನುತ್ತಾರೆ. ನನಗೆ ನೀವು ಹಿಡಿದರೆ ಧೈರ್ಯ.

ಶನಿವಾರ ಮದ್ದೂರಿಗೆ ಬನ್ನಿ. ಗಾಡಿ ನೋಡಿ, ನೀವೇ ಒತ್ತಿ ನೋಡಿ. ಚಿಕ್ಕದು ಬೇಡ ಎಂದು ನೀವು ಹೇಳಿದರೆ ಆ ಮಾತಿಗೆ ನಾನು ಅಡ್ಡ ಬರುವುದಿಲ್ಲ, ಸಿಂಚುಗೆ ನಾವಿಬ್ಬರೂ ಕೂತು ಹೇಳೋಣ. ದೊಡ್ಡದರ ವಿಷಯದಲ್ಲಿ ಮಾತ್ರ ನಾನು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ನೀವು ಬೈಯಬೇಕೆಂದಿರುವುದನ್ನೆಲ್ಲ ಅವಳಿಲ್ಲದಾಗ ಬೈಯಿರಿ, ಕೇಳಿಸಿಕೊಳ್ಳುತ್ತೇನೆ, ಮಧ್ಯೆ ಬಾಯಿ ಹಾಕುವುದಿಲ್ಲ. ಇವತ್ತು ಸಂಜೆ ಅವಳು ಫೋನ್ ಮಾಡುವುದಿಲ್ಲ. ನಾಳೆ, ನೀವು ಇದನ್ನು ಓದಿದ ಮೇಲೆ ಮಾಡುತ್ತಾಳೆ. ವೀಡಿಯೊದಲ್ಲೇ ಮಾಡುತ್ತಾಳೆ. ಪ್ಲಾಸ್ಟರ್ ಮೇಲೆ ಬರೆದಿರುವ ಚಿತ್ರಗಳನ್ನು ತೋರಿಸುತ್ತಾಳೆ, ಅವಳ ಎದುರು ಕಣ್ಣೀರು ಹಾಕಬೇಡಿ.

ನಿಮ್ಮ ಆರೋಗ್ಯ ನೋಡಿಕೊಳ್ಳಿ.

ಇಂತಿ,
ಸಿಂಚನಳ ಅಮ್ಮ
ಶಾಲಿನಿ

ಮತ್ತೆ: ನನ್ನ ವಕೀಲರು ಇವತ್ತು ಬೆಳಿಗ್ಗೆ ನನಗೆ, “ಕಿರುಗಾವಲಿನಲ್ಲಿ ಆದದ್ದನ್ನು ಕೋರ್ಟಿನ ಮುಂದಿನ ವಾಯಿದೆ ಮುಗಿಯುವವರೆಗೆ ಯಾರಿಗೂ ಹೇಳಬೇಡಿ, ಬರಹದಲ್ಲಂತೂ ಇಡಲೇಬೇಡಿ, ಆ ಕಡೆಯವರ ಕೈಗೆ ಸಿಕ್ಕರೆ ಮಗು ನಿಮ್ಮ ಹತ್ತಿರ ಉಳಿಯುವುದು ಕಷ್ಟ” ಎಂದು ಹೇಳಿದರು. ಆಗಲಿ ಎಂದು ಹೇಳಿ ಬಂದು ಈ ಕಾಗದ ಬರೆಯಲು ಕೂತೆ. ಮೇಲಿರುವ ಸಹಿ ನನ್ನದೇ. ಇದನ್ನು ಏನು ಮಾಡುತ್ತೀರೋ ನಿಮಗೆ ಬಿಟ್ಟದ್ದು.